ಬೆಳ್ಳುಳ್ಳಿ ಸುಲಿದು ಕಟ್ಟಿದ ಬಾಡಿಗೆ

ನೇಪಾಳದ ಬೆಟ್ಟದೂರು ಘೋಡೇಪಾನಿಗೆ ಹೋಗಿಬಂದವರ ಫೋನಿನಲ್ಲಿ, ಊರ ಮೇಲಿನ ಪೂನ್‌ಹಿಲ್ ಗುಡ್ಡದಿಂದ ಕಂಡ ಸೂರ್ಯೋದಯ ಇದ್ದೇ ಇರುತ್ತದೆ. ನನ್ನ ಫೋನಿನಲ್ಲಿ ಇಲ್ಲ. ಅಲ್ಲಿ ಹದಿನೇಳು ರಾತ್ರಿ ಮಲಗಿದ್ದೇನೆ, ಹದಿನೇಳು ಬೆಳಗು ಎದ್ದಿದ್ದೇನೆ. ಆದರೆ ಧೌಲಗಿರಿ ಶಿಖರದ ನೆತ್ತಿಗೆ ಬಿಸಿಲು ಬೀಳುವ ಹೊತ್ತಿಗೆ ನಾನು ಯಾರದೋ ರಜಾಯಿ ಮಡಚುತ್ತಿದ್ದೆ, ಇಲ್ಲವೇ ಅಡುಗೆಮನೆಯ ಮೂಲೆಯಲ್ಲಿ ಮಣೆ ಹಾಕಿಕೊಂಡು ಬೆಳ್ಳುಳ್ಳಿ ಸುಲಿಯುತ್ತಿದ್ದೆ. ಮಲಗಲು ಹಾಸಿಗೆ, ಬೆಳಗಿನ ತಿಂಡಿ, ಎರಡು ಹೊತ್ತು ಊಟ, ಕೇಳಿದಾಗ ಚಹಾ. ಬದಲಿಗೆ ದಿನಕ್ಕೆ ಐದು ಗಂಟೆ ಕೆಲಸ. ಒಪ್ಪಂದ ಅಷ್ಟೇ, ಅದೂ ಬಾಯಿಮಾತಿನದು.

ಪದ್ಧತಿ ಹೊಸದೇನಲ್ಲ. ಲಂಡನ್ನಿನಲ್ಲಿ ಸೆಕ್ರೆಟರಿಯಾಗಿದ್ದ ಸ್ಯೂ ಕೊಪರ್ಡ್ ಎಂಬಾಕೆಗೆ ವಾರದ ಕೊನೆಗೆ ಹಳ್ಳಿಯ ಗಾಳಿ ಬೇಕಾಗಿತ್ತು. 1971ರಲ್ಲಿ ಆಕೆ ಸಸೆಕ್ಸಿನ ತೋಟವೊಂದರಲ್ಲಿ ದುಡಿಮೆಗೆ ಬದಲಾಗಿ ಊಟ-ವಸತಿ ಗೊತ್ತುಮಾಡಿಕೊಂಡದ್ದೇ ಮುಂದೆ ವೂಫ್ ಎಂಬ ಜಾಲವಾಯಿತು. ಆಮೇಲೆ ಹೆಲ್ಪ್‌ಎಕ್ಸ್, ವರ್ಕ್‌ಅವೇ, ವರ್ಲ್ಡ್‌ಪ್ಯಾಕರ್ಸ್ ಎಂಬ ಜಾಲತಾಣಗಳು ಬಂದವು. ವರ್ಷಕ್ಕಿಷ್ಟು ಎಂದು ಸದಸ್ಯತ್ವ ಕಟ್ಟಿದರೆ ತೋಟ, ಪ್ರವಾಸಿಗರು ತಂಗುವ ಹಾಸ್ಟೆಲ್, ಕುದುರೆ ಲಾಯ, ಹಡಗು ಎಲ್ಲದರ ಪಟ್ಟಿ ಸಿಗುತ್ತದೆ. ನಾನೂ ಕಟ್ಟಿದೆ. ಪೋರ್ಚುಗಲ್ಲಿನ ಆಲಿವ್ ತೋಟ, ನ್ಯೂಜಿಲೆಂಡಿನ ಕುರಿಮಂದೆ ಅಂತ ಒಂದು ವಾರ ಕನಸು ಕಂಡೆ.

ಎಂಟನೆಯ ದಿನ ವೀಸಾ ನಿಯಮ ಓದಿದೆ, ಕನಸು ಇಳಿಯಿತು. ನ್ಯೂಜಿಲೆಂಡಿನ ವಲಸೆ ಇಲಾಖೆಯ ಲೆಕ್ಕದಲ್ಲಿ ದುಡಿಮೆಗೆ ಪ್ರತಿಯಾಗಿ ಕೊಡುವ ಹಾಸಿಗೆ ಮತ್ತು ಊಟವೂ ಸಂಬಳವೇ. ಪ್ರವಾಸಿ ವೀಸಾದಲ್ಲಿ ಹೋಗಿ ಕುರಿ ಕಾಯುವ ಹಾಗಿಲ್ಲ. ಬ್ರಿಟನ್ನಿನ ಪ್ರವಾಸಿ ವೀಸಾದಲ್ಲೂ ಹಾಸ್ಟೆಲಿನ ಹಾಸಿಗೆ ಹಾಸಿ ರಾತ್ರಿ ಕಳೆಯುವಂತಿಲ್ಲ. ಇದಕ್ಕೆಂದೇ ಇರುವ ವರ್ಕಿಂಗ್ ಹಾಲಿಡೇ ವೀಸಾ ಭಾರತದ ಪಾಸ್‌ಪೋರ್ಟಿಗೆ ಆಗ ಇರಲೇ ಇಲ್ಲ ಎನ್ನಬೇಕು. ಆಸ್ಟ್ರೇಲಿಯಾ ಬಾಗಿಲು ತೆರೆದದ್ದು 2024ರಲ್ಲಿ. ಅದೂ ಲಾಟರಿ ಎತ್ತಿ, ವರ್ಷಕ್ಕೆ 1,000 ಜನಕ್ಕೆ, 18ರಿಂದ 30ರ ವಯಸ್ಸಿನವರಿಗೆ ಮಾತ್ರ. ‘ಯಾರೂ ಕೇಳಲ್ಲ, ಹೋಗಿಬಿಡು’ ಎಂದು ಸಲಹೆ ಕೊಡುವವರು ಬೇಕಾದಷ್ಟು ಜನ ಇದ್ದಾರೆ. ಕೇಳಿದಾಗ ವಿಮಾನ ನಿಲ್ದಾಣದ ಆ ಸಣ್ಣ ಕೋಣೆಯಲ್ಲಿ ಕೂರುವವರು ಮಾತ್ರ ಅವರಲ್ಲ.

ಹಾಗೆ ನೋಡುತ್ತಾ ಹೋದರೆ ಉಳಿದದ್ದು ನೇಪಾಳ. 1950ರ ಭಾರತ-ನೇಪಾಳ ಒಪ್ಪಂದದ 7ನೇ ಕಲಂ ಎರಡೂ ದೇಶದ ಪ್ರಜೆಗಳಿಗೆ ಪರಸ್ಪರರ ನೆಲದಲ್ಲಿ ವಾಸಕ್ಕೆ, ಓಡಾಟಕ್ಕೆ, ವ್ಯಾಪಾರಕ್ಕೆ ಸಮಾನ ಅವಕಾಶ ಕೊಡುತ್ತದೆ. ವೀಸಾ ಇಲ್ಲ, ಮುದ್ರೆ ಇಲ್ಲ, ಇಷ್ಟೇ ದಿನ ಎಂಬ ಗಡುವಿಲ್ಲ. ಎಲ್ಲ ಕಡೆ ನಮ್ಮನ್ನು ಸಾಲಿನ ಹಿಂದಕ್ಕೆ ನಿಲ್ಲಿಸುವ ಪಾಸ್‌ಪೋರ್ಟು ಇದೊಂದು ಕಡೆ ಮುಂದಿದೆ. ಅದೂ ತೋರಿಸುವುದೇ ಬೇಡ, ಮತದಾರರ ಗುರುತಿನ ಚೀಟಿ ಸಾಕು.

ಪೋಖರಾ, ಕಠ್ಮಂಡು ಕಡೆಯ ಹನ್ನೊಂದು ಜಾಗಕ್ಕೆ ಬರೆದೆ. ಮೊದಲ ಆರಕ್ಕೆ ಒಂದೇ ಪತ್ರ: ನನಗೆ ಪ್ರವಾಸ ಎಂದರೆ ಪ್ರಾಣ, ಹೊಸ ಸಂಸ್ಕೃತಿ ಕಲಿಯುವ ಆಸೆ, ಇತ್ಯಾದಿ. ಒಂದಕ್ಕೂ ಉತ್ತರ ಬರಲಿಲ್ಲ. ಈಗ ಓದಿದರೆ ನನಗೇ ಆಕಳಿಕೆ ಬರುತ್ತದೆ. ಏಳನೆಯದರಿಂದ ದಾರಿ ಬದಲಿಸಿದೆ. ಅವರ ಹಾಸ್ಟೆಲಿನ ಬಗ್ಗೆ ಜನ ಬರೆದದ್ದನ್ನೆಲ್ಲ ಓದಿ, ‘ಮಧ್ಯಾಹ್ನ ಬಂದವರಿಗೆ ಡೆಸ್ಕಿನಲ್ಲಿ ಯಾರೂ ಸಿಗುವುದಿಲ್ಲ ಎಂದು ನಾಲ್ಕು ಜನ ದೂರಿದ್ದಾರೆ. ಎರಡರಿಂದ ಆರರವರೆಗೆ ನಾನು ಕೂರಬಲ್ಲೆ. ಹಿಂದಿ, ಇಂಗ್ಲಿಷ್ ಬರುತ್ತದೆ’ ಎಂದು ಮೂರೇ ಸಾಲು ಬರೆದೆ. ಐದರಲ್ಲಿ ಮೂರು ಕಡೆಯಿಂದ ಉತ್ತರ ಬಂತು. ಆ ಮೂವರಿಗೂ ಎರಡು ಪ್ರಶ್ನೆ ಕೇಳಿದೆ. ಮಲಗುವ ಕೋಣೆಯಲ್ಲಿ ಇನ್ನು ಯಾರಿರುತ್ತಾರೆ? ಬಾಗಿಲಿಗೆ ಒಳಗಿನಿಂದ ಚಿಲಕ ಇದೆಯೇ? ಒಬ್ಬರು ಎರಡನೆಯದಕ್ಕೆ ನಗುವ ಮುಖದ ಚಿತ್ರ ಕಳಿಸಿದರು. ಅವರನ್ನು ಬಿಟ್ಟೆ.

2023ರ ಸೆಪ್ಟೆಂಬರ್ ಕೊನೆಗೆ ಗೋರಖಪುರದಲ್ಲಿ ರೈಲಿಳಿದು ಬಸ್ ಹಿಡಿದು ಸುನೌಲಿಗೆ ಬಂದೆ. ಗಡಿ ಎಂದರೆ ಒಂದು ಕಮಾನು, ಅದರಡಿ ಸೈಕಲ್ ರಿಕ್ಷಾ, ಲಾರಿ, ಈರುಳ್ಳಿ ಮೂಟೆ, ನಾನು. ಆಚೆ ಕಾಲಿಟ್ಟ ಕೂಡಲೇ ಬೆಲೆ ಕೇಳಿದರೆ ‘ಐಸಿ ಕಿ ಎನ್‌ಸಿ?’ ಎಂಬ ಮರುಪ್ರಶ್ನೆ. ಐಸಿ ಎಂದರೆ ಭಾರತದ ದುಡ್ಡು, ಎನ್‌ಸಿ ನೇಪಾಳದ್ದು. 1993ರಿಂದಲೂ ನಮ್ಮ 100ಕ್ಕೆ ಅವರ 160. ಆಗ 200, 500ರ ನಮ್ಮ ನೋಟು ಅಲ್ಲಿ ನಡೆಯುತ್ತಿರಲಿಲ್ಲವಾದ್ದರಿಂದ ನೂರರ ಕಟ್ಟು ಕಟ್ಟಿಕೊಂಡು ಹೋಗಿದ್ದೆ. ಭೈರಹವಾದಿಂದ ಪೋಖರಾಗೆ ಬಸ್ಸಿನಲ್ಲಿ ಇಡೀ ದಿನ. ಬುಟವಲ್ ದಾಟಿದ ಮೇಲೆ ರಸ್ತೆ ಬೆಟ್ಟಕ್ಕೆ ಹಾವಿನಂತೆ ಸುತ್ತಿಕೊಳ್ಳುತ್ತದೆ. ಹೊಟ್ಟೆ ತೊಳೆಸುವವರಿಗೆ ಕಂಡಕ್ಟರ್ ಹುಡುಗ ಕೇಳುವ ಮುಂಚೆಯೇ ಪ್ಲಾಸ್ಟಿಕ್ ಚೀಲ ಕೊಡುತ್ತಾನೆ.

ಮೊದಲ ದಿನವೇ ಕೆಲಸಕ್ಕೆ ಕಾಲು ಗಂಟೆ ತಡ. ನೇಪಾಳದ ಗಡಿಯಾರ ನಮ್ಮದಕ್ಕಿಂತ 15 ನಿಮಿಷ ಮುಂದೆ. ನನ್ನ ಫೋನು ಇನ್ನೂ ಹಳೇ ಸಮಯದಲ್ಲೇ ಇತ್ತು. ಮ್ಯಾನೇಜರ್ ನಕ್ಕರು. ಭಾರತದಿಂದ ಬಂದವರೆಲ್ಲ ಮೊದಲ ದಿನ ಇದನ್ನೇ ಮಾಡುತ್ತಾರಂತೆ.

ನಮ್ಮ ಹಾಸ್ಟೆಲ್ ಇದ್ದದ್ದು ಪೋಖರಾದ ಲೇಕ್‌ಸೈಡಿನಲ್ಲಿ. ಲೇಕ್‌ಸೈಡ್ ಎಂದರೆ ಫೇವಾ ಕೆರೆಯ ದಂಡೆಗೆ ಹಬ್ಬಿಕೊಂಡ ಪೇಟೆ: ಹೋಟೆಲು, ಟ್ರೆಕ್ಕಿಂಗ್ ಸಾಮಾನಿನ ಅಂಗಡಿ, ಕಾಫಿ ಅಂಗಡಿ, ಮತ್ತೆ ಹೋಟೆಲು. ಮಳೆ ಮೋಡ ಸರಿದ ಬೆಳಿಗ್ಗೆ ಮಚ್ಛಾಪುಛ್ರೆ ಶಿಖರ ಥಟ್ಟನೆ ಮನೆಗಳ ಮೇಲೆ ಎದ್ದು ನಿಂತಿರುತ್ತದೆ. 6,993 ಮೀಟರ್, ಮೀನಿನ ಬಾಲದಂಥ ಎರಡು ತುದಿ. ನನ್ನ ಡೆಸ್ಕಿನಿಂದ ಅದರ ಒಂದು ತುದಿ ಮಾತ್ರ ಕಾಣುತ್ತಿತ್ತು. ಇನ್ನೊಂದಕ್ಕೆ ಎದುರು ಕಟ್ಟಡದ ನೀರಿನ ಟ್ಯಾಂಕು ಅಡ್ಡ.

ಮಾತಾಗಿದ್ದದ್ದು ದಿನಕ್ಕೆ ನಾಲ್ಕು ಗಂಟೆ, ವಾರಕ್ಕೆ ಆರು ದಿನ. ಇದರಲ್ಲಿ ಕೆಲಸ ಹೇಗೆ ಹಿಗ್ಗುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಯಾಕೆಂದರೆ ಯಾರೂ ‘ಇವತ್ತಿನಿಂದ ಏಳು ಗಂಟೆ ಮಾಡು’ ಅನ್ನುವುದಿಲ್ಲ. ‘ಒಂಚೂರು ಡೆಸ್ಕ್ ಕಡೆ ನೋಡ್ತಿರು, ಬಂದೆ’ ಅನ್ನುತ್ತಾರೆ. ‘ಹೇಗೂ ಇಲ್ಲೇ ಕೂತಿದ್ದೀಯಲ್ಲ, ಗೇಟು ನೀನೇ ಹಾಕಿಬಿಡು’ ಅನ್ನುತ್ತಾರೆ. ರಾತ್ರಿ ಹನ್ನೊಂದಕ್ಕೆ ಬರುವ ಬಸ್ಸಿನವರಿಗೆ ಬಾಗಿಲು ತೆಗೆಯಲು ನಿನ್ನ ಕೋಣೆ ಹತ್ತಿರ ಅನ್ನುತ್ತಾರೆ. ನಾನು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದಿಟ್ಟಿದ್ದೆ. ಮೊದಲ ದಿನ ನಾಲ್ಕು ಗಂಟೆ. ನಾಲ್ಕನೆಯ ದಿನ ಆರೂಕಾಲು. ಏಳನೆಯ ದಿನ ಏಳೂವರೆ. ತೋರಿಸಿದೆ. ಮ್ಯಾನೇಜರಿಗೆ ನಿಜಕ್ಕೂ ಆಶ್ಚರ್ಯವಾಯಿತು. ‘ಅದರಲ್ಲಿ ಅರ್ಧ ಹೊತ್ತು ನೀನು ಸುಮ್ಮನೆ ಕೂತಿದ್ದೆ’ ಎಂದರು. ಯಾರಾದರೂ ಬಂದಾರೆಂದು ಕಾದು ಕೂರುವುದು ಕೆಲಸವೋ ಬಿಡುವೋ ಎಂಬ ಬಗ್ಗೆ ನಮ್ಮಿಬ್ಬರದು ಕೊನೆಗೂ ಬಗೆಹರಿಯಲಿಲ್ಲ. ಕೆಟ್ಟ ಮನುಷ್ಯರೇನಲ್ಲ. ಕಾಯುವುದಕ್ಕೂ ಬೆಲೆ ಇದೆ ಎಂಬುದು ಅವರಿಗೆ ಹೊಳೆಯದ ವಿಷಯ, ಅಷ್ಟೇ.

ನನ್ನ ಜೊತೆ ಯೂರೋಪಿನಿಂದ ಬಂದ ಒಬ್ಬ ಹುಡುಗ ಇದ್ದ. ಅವನು 50 ಡಾಲರ್ ಕೊಟ್ಟು ಮೂವತ್ತು ದಿನದ ಪ್ರವಾಸಿ ವೀಸಾ ತೆಗೆದುಕೊಂಡಿದ್ದ. ಅದರಲ್ಲಿ ಸಂಬಳ ಇಲ್ಲದ ಕೆಲಸವನ್ನೂ ಮಾಡುವಂತಿಲ್ಲ. ‘ಯಾರಾದರೂ ವಿಚಾರಿಸಿದರೆ ಗೆಸ್ಟ್ ಅಂತ ಹೇಳು’ ಎಂದು ಅವನಿಗೆ ಮೊದಲೇ ಹೇಳಿಟ್ಟಿದ್ದರು. ಪಾಪ, ಪೊರಕೆ ಕೈಯಲ್ಲಿ ಹಿಡಿದುಕೊಂಡೇ ಗೆಸ್ಟ್ ಆಗಿರುವ ಅಭ್ಯಾಸ ಮಾಡುತ್ತಿದ್ದ.

ಹತ್ತನೆಯ ದಿನ ಹೊರಟೆ. ಜಗಳವಾಡಲಿಲ್ಲ. ದಾರಿ ತೋರಿಸಿದ್ದು ಅಲ್ಲಿ ಆಗಾಗ ಬಂದುಹೋಗುತ್ತಿದ್ದ ಒಬ್ಬ ಗೈಡ್ ದಾಯಿ, ಎಂದರೆ ಅಣ್ಣ. ‘ಘೋಡೇಪಾನಿಯಲ್ಲಿ ನಮ್ಮ ಸಂಬಂಧಿಕರ ಲಾಡ್ಜ್ ಇದೆ. ದಸೈಂ ಬರ್ತಿದೆ, ಕೆಲಸದ ಹುಡುಗರೆಲ್ಲ ಊರಿಗೆ ಹೋಗ್ತಾರೆ. ಟೂರಿಸ್ಟುಗಳು ಮಾತ್ರ ಆಗಲೇ ಬರೋದು’ ಎಂದರು. ನೇಪಾಳದ ಅತಿ ದೊಡ್ಡ ಹಬ್ಬವೂ ಟ್ರೆಕ್ಕಿಂಗಿನ ಅತಿ ದಟ್ಟ ಹಂಗಾಮೂ ಒಟ್ಟಿಗೇ ಬರುತ್ತವೆ ಎಂಬ ಈ ಒಂದು ಸಂಗತಿಯನ್ನು ಯಾವ ಜಾಲತಾಣವೂ ನನಗೆ ಹೇಳಿರಲಿಲ್ಲ. ಆ ಎರಡು ವಾರ ಬೆಟ್ಟದ ಮೇಲೆ ಎರಡು ಕೈಗೆ ಇರುವ ಬೆಲೆ ಬೇರೆ.

ಅನ್ನಪೂರ್ಣ ಸಂರಕ್ಷಣಾ ಪ್ರದೇಶಕ್ಕೆ ಪರವಾನಗಿ ಬೇಕು. ದಕ್ಷಿಣ ಏಷ್ಯಾದ ಸಾರ್ಕ್ ಕೂಟದ ದೇಶದವರಿಗೆ ಎನ್‌ಸಿ 1,000, ಬೇರೆಯವರಿಗೆ 3,000. ಬಿರೇಠಾಂಟಿಯ ಚೆಕ್‌ಪೋಸ್ಟಿನಲ್ಲಿ ಅದನ್ನು ನೋಡುತ್ತಾರೆ. ಈಗ ಉಲ್ಲೇರಿಯವರೆಗೂ ಜೀಪು ಹೋಗುತ್ತದೆ. ದುಡ್ಡು ಉಳಿಸಲು ನಾನು ನಡೆದೆ. ಉಲ್ಲೇರಿಯ ಕಲ್ಲಿನ ಮೆಟ್ಟಿಲು ಮೂರು ಸಾವಿರಕ್ಕೂ ಮಿಕ್ಕಿ ಎನ್ನುತ್ತಾರೆ. ನಾನೂರರ ಹತ್ತಿರ ನಾನು ಎಣಿಕೆ ಬಿಟ್ಟೆ. ಬೆನ್ನ ಮೇಲೆ ಗ್ಯಾಸ್ ಸಿಲಿಂಡರ್ ಹೊತ್ತ ಹೇಸರಗತ್ತೆಗಳ ಸಾಲು ಗಂಟೆ ಅಲ್ಲಾಡಿಸುತ್ತಾ ನನ್ನನ್ನು ದಾಟಿ ಹೋಯಿತು. ಅವು ಬಂದಾಗ ಬೆಟ್ಟದ ಕಡೆಗೆ ಸರಿದು ನಿಲ್ಲಬೇಕು, ಕಣಿವೆಯ ಕಡೆಗಲ್ಲ. ಇದನ್ನೂ ದಾಯಿಯೇ ಹೇಳಿಕಳಿಸಿದ್ದರು.

ಲಾಡ್ಜಿನ ಯಜಮಾನಿಯನ್ನು ಎಲ್ಲರೂ ದೀದಿ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಅವರಿಗೆ ನಾನು ಬಹಿನಿ, ತಂಗಿ. ಪುನ್ ಮಗರ್ ಜನ. ಪೂನ್‌ಹಿಲ್ಲಿನ ಹೆಸರಿನಲ್ಲಿರುವುದೂ ಇವರದೇ ಮನೆತನ. ದೀದಿಯ ಅತ್ತೆ ಎಪ್ಪತ್ತು ದಾಟಿದವರು, ಎಲ್ಲರಿಗೂ ಆಮಾ, ಅಮ್ಮ. ದೀದಿ ನನ್ನ ಕೈ ನೋಡಿದರು, ಕಾಲಿನ ಬೂಟು ನೋಡಿದರು. ‘ಐದು ಗಂಟೆ. ಬೆಳಿಗ್ಗೆ ನಾಲ್ಕೂವರೆಯಿಂದ ಏಳು, ಸಂಜೆ ನಾಲ್ಕರಿಂದ ಆರೂವರೆ. ಮಧ್ಯೆ ನೀನು ಎಲ್ಲಿ ಬೇಕಾದರೂ ಹೋಗು, ನಾನು ಕೇಳಲ್ಲ’ ಎಂದರು. ಪೋಖರಾದ ಪಾಠ ಕಲಿತವಳಾಗಿ, ಆರೂವರೆಯ ಮೇಲೆ ಬೇಕಾದರೆ ಎಂದು ಕೇಳಿದೆ. ‘ಆಗ ಬಾಯಿ ಬಿಟ್ಟು ಕೇಳ್ತೀನಿ. ನಿನಗೆ ಆಗಲ್ಲ ಅಂದರೆ ಆಗಲ್ಲ ಅನ್ನು’ ಎಂದರು. ಹದಿನೇಳು ದಿನದಲ್ಲಿ ಅವರು ಹಾಗೆ ಕೇಳಿದ್ದು ನಾಲ್ಕು ಸಲ. ನಾಲ್ಕು ಸಲವೂ ಆಗುತ್ತೆ ಅಂದೆ.

ಘೋಡೇಪಾನಿ 2,800 ಮೀಟರಿಗಿಂತ ಮೇಲಿದೆ. ಹಿಂದೆ ಟಿಬೆಟ್ ಕಡೆಯ ವ್ಯಾಪಾರದ ಕುದುರೆಗಳಿಗೆ ನೀರು ಕುಡಿಸುತ್ತಿದ್ದ ಜಾಗವಾದ್ದರಿಂದ ಈ ಹೆಸರು. ಊಟದ ಕೋಣೆಯ ನಡುವೆ ಕಬ್ಬಿಣದ ಡ್ರಮ್ಮಿನ ಒಲೆ, ಅದರ ಸುತ್ತ ತಂತಿ, ತಂತಿಯ ಮೇಲೆ ಹನ್ನೆರಡು ದೇಶಗಳ ಕಾಲುಚೀಲ. ಆ ವಾಸನೆಗೆ ಎರಡೇ ದಿನದಲ್ಲಿ ಮೂಗು ಒಗ್ಗಿಹೋಗುತ್ತದೆ. ಅಡುಗೆಮನೆಯ ಮಣ್ಣಿನ ಒಲೆಯೊಳಗೆ ಒಂದು ನೀರಿನ ಕೊಳವೆ ಹಾಯಿಸಿದ್ದರು. ಅನ್ನ ಬೇಯಿಸುವ ಬೆಂಕಿಯೇ ಅದರೊಳಗಿನ ನೀರನ್ನೂ ಕಾಯಿಸಿ ಡ್ರಮ್ಮಿಗೆ ತುಂಬುತ್ತದೆ. ಪ್ರವಾಸಿಗರ ಬಿಸಿನೀರಿಗಾಗಿ ಗುರಾಸ್ ಎಂಬ ಹೂಮರದ ಕಾಡು ಕರಗುವುದನ್ನು ತಡೆಯಲು 1986ರಲ್ಲಿ ಶುರುವಾದ ಸಂರಕ್ಷಣಾ ಯೋಜನೆಯವರು ಹಳ್ಳಿಹಳ್ಳಿಗೆ ಹಚ್ಚಿಸಿದ ಉಪಾಯ ಇದು. ಯಾರಾದರೂ ಮಧ್ಯಾಹ್ನ ಮೂರಕ್ಕೆ ‘ಬಿಸಿನೀರು ಯಾಕಿಲ್ಲ’ ಎಂದು ಸಿಡುಕಿದರೆ ನಾನು ಒಲೆ ತೋರಿಸುತ್ತಿದ್ದೆ. ಅನ್ನ ಇಟ್ಟಿಲ್ಲ, ಆದ್ದರಿಂದ ಸ್ನಾನ ಇಲ್ಲ.

ನನ್ನ ಮುಖ್ಯ ಕೆಲಸ ಆರ್ಡರ್ ಪುಸ್ತಕ. ಉದ್ದನೆಯ ರಟ್ಟಿನ ಪುಸ್ತಕ. ಕೋಣೆ ಸಂಖ್ಯೆ, ಏನು ಬೇಕು, ಎಷ್ಟು ಗಂಟೆಗೆ. ಮೆನು ನೋಡಿದರೆ ಪಿಜ್ಜಾ, ಮೋಮೊ, ಮ್ಯಾಕರೋನಿ, ಟಿಬೆಟಿಯನ್ ಬ್ರೆಡ್, ಸೇಬಿನ ಪೈ, ಕರಿದ ಸ್ನಿಕರ್ಸ್ ಚಾಕೊಲೇಟ್ ಎಲ್ಲ ಇದೆ. ಒಲೆ ಮಾತ್ರ ಒಂದು, ಗ್ಯಾಸ್ ಬರ್ನರ್ ಎರಡು, ದೀದಿ ಒಬ್ಬರು. ಇಪ್ಪತ್ತೆಂಟು ಜನ ಹದಿನೇಳು ಬಗೆ ಹೇಳಿ ಎಲ್ಲರೂ ‘ಏಳು ಗಂಟೆಗೆ’ ಎಂದು ಬರೆದ ಮೊದಲ ಸಂಜೆ ಆ ಪುಟವನ್ನು ದೀದಿಯ ಮುಂದೆ ಹಿಡಿದೆ. ಅವರು ಓದಿ, ಒಂದು ಮಾತೂ ಆಡದೆ, ಪೆನ್ಸಿಲ್ ನನ್ನ ಕೈಗೇ ಕೊಟ್ಟರು. ಹೋಗಿ ಸರಿಮಾಡಿಕೊಂಡು ಬಾ ಎಂದು ಅರ್ಥ.

ದಾಲ್‌ಭಾತ್ ಯಾಕೆ ಮತ್ತೆ ಮತ್ತೆ ಬಡಿಸುತ್ತಾರೆ ಎಂಬುದು ನನಗೆ ತಿಳಿದದ್ದು ಆಗಲೇ. ಪೋಖರಾದಲ್ಲಿ ಅದನ್ನು ಔದಾರ್ಯ ಎಂದುಕೊಂಡಿದ್ದೆ. ಔದಾರ್ಯವೂ ಹೌದು, ಆದರೆ ಅನ್ನ, ಬೇಳೆ, ಸೊಪ್ಪು ಒಂದೊಂದು ದೊಡ್ಡ ಪಾತ್ರೆಯಲ್ಲಿ ಒಮ್ಮೆಗೇ ಆಗುತ್ತದೆ. ಹತ್ತು ಜನಕ್ಕೂ ಅದೇ ಬೆಂಕಿ, ಮೂವತ್ತಕ್ಕೂ ಅದೇ ಬೆಂಕಿ. ಒಂದು ಪಿಜ್ಜಾಕ್ಕೆ ಮಾತ್ರ ಒಂದು ಬರ್ನರ್ ಇಪ್ಪತ್ತು ನಿಮಿಷ ಹೋಗುತ್ತದೆ, ಆ ಗ್ಯಾಸು ಕತ್ತೆಯ ಬೆನ್ನ ಮೇಲೆ ಬಂದದ್ದು. ಎರಡನೆಯ ದಿನದಿಂದ ನಾನು ಮೇಜಿನಿಂದ ಮೇಜಿಗೆ ಹೋಗಿ ದಾಲ್‌ಭಾತ್ ಮಾರತೊಡಗಿದೆ. ‘ಎಷ್ಟು ಸಲ ಬೇಕಾದರೂ ಹಾಕಿಸಿಕೊಳ್ಳಬಹುದು. ಸಾಕಾದಾಗ ಪುಗ್ಯೋ ಅನ್ನಿ.’ ಬೇರೆಯವರಿಗೆ ಬೆಳ್ಳುಳ್ಳಿ ಸೂಪು. ಎತ್ತರಕ್ಕೆ ಅದು ಒಳ್ಳೆಯದು ಎಂದು ಗೈಡುಗಳೆಲ್ಲ ನಂಬುತ್ತಾರೆ, ಹಾಗಾಗಿ ಅದನ್ನು ನಾನು ಮಾರಬೇಕಾಗಿರಲಿಲ್ಲ. ಸುಲಿದರೆ ಸಾಕಿತ್ತು. ಬೆರಳ ತುದಿಯ ಚರ್ಮ ಏಳುವಷ್ಟು ಸುಲಿದೆ.

ಒಂದು ಅನಾಹುತವನ್ನೂ ಮಾಡಿದೆ. ಮೂರನೆಯ ದಿನ ಬೆಳಿಗ್ಗೆ ಹತ್ತಕ್ಕೆ ಬಿಸಿಲು ಚುರುಗುಡುತ್ತಿತ್ತು. ಮೂಲೆಯ ಕೋಣೆಯ ಆರು ರಜಾಯಿಗಳಿಗೆ ಬೆವರು ವಾಸನೆ. ಯಾರೂ ಹೇಳಿರಲಿಲ್ಲ, ನನ್ನ ಬಿಡುವಿನ ಹೊತ್ತು, ಉತ್ಸಾಹ ಬೇರೆ. ಆರನ್ನೂ ನಲ್ಲಿಯಡಿ ಹಾಕಿ ತುಳಿದು ತೊಳೆದು ಅಂಗಳದ ಕಟ್ಟೆಗೆ ಹರವಿದೆ. ಹನ್ನೆರಡೂವರೆಗೆ ಕಣಿವೆಯಿಂದ ಮೋಡ ಏರಿ ಬಂತು. ದಿನಾ ಬರುತ್ತದಂತೆ. ಎರಡಕ್ಕೆ ಎದುರಿನ ಲಾಡ್ಜೇ ಕಾಣಲಿಲ್ಲ. ಹತ್ತಿ ತುಂಬಿದ ರಜಾಯಿ ನೀರು ಕುಡಿದು ಕರುವಿನಷ್ಟು ಭಾರವಾಗಿತ್ತು, ಹಿಂಡಲು ಹೋದರೆ ಹತ್ತಿ ಒಂದು ಕಡೆ ಉಂಡೆಗಟ್ಟುತ್ತಿತ್ತು. ನಾಲ್ಕು ಗಂಟೆಗೆ ಹದಿನಾಲ್ಕು ಜನರ ಗುಂಪು ಬಂತು, ಮೊದಲೇ ಫೋನ್ ಮಾಡಿ ಕೋಣೆ ಹಿಡಿದವರು.

ದೀದಿ ಹೊರಗೆ ಬಂದು ಒಂದು ರಜಾಯಿಯ ಮೂಲೆ ಹಿಡಿದು ಎತ್ತಿ ನೋಡಿದರು. ತೊಟ್ಟಿಕ್ಕಿತು. ‘ಇವನ್ನ ನಾವು ಚೈತ್ರದಲ್ಲಿ ಒಗೀತೀವಿ ಬಹಿನಿ’ ಎಂದರು. ಬೈಗುಳ ಎಂದರೆ ಅಷ್ಟೇ. ಒಳಗೆ ಹೋಗಿ ತಮ್ಮ ಹಾಸಿಗೆಯ ಮೇಲಿನದು, ಆಮಾಳದು, ಮಕ್ಕಳದು, ನನ್ನದು ಎಲ್ಲ ತೆಗೆದು ಆ ಕೋಣೆಗೆ ಹಾಕಿದರು. ಅವತ್ತು ಮನೆಯವರೆಲ್ಲ ಅಡುಗೆಮನೆಯ ಒಲೆಯ ಸುತ್ತ ಮಲಗಿದರು. ನಾನು ಊಟದ ಕೋಣೆಯ ಬೆಂಚಿನ ಮೇಲೆ, ಜಾಕೆಟ್ಟು ಹಾಕಿಕೊಂಡೇ. ಊಟದ ಕೋಣೆಯಲ್ಲಿ ಮಲಗುವವರು ಯಾರು ಎಂದು ಗೊತ್ತಾದದ್ದು ಆ ರಾತ್ರಿ. ಸೀಸನ್ನಿನಲ್ಲಿ ಕೋಣೆ ತುಂಬಿದಾಗ ಪೋರ್ಟರುಗಳು ಕೊನೆಯ ಗಿರಾಕಿ ಕಾರ್ಡ್ಸ್ ಆಟ ಮುಗಿಸಿ ಏಳುವವರೆಗೆ ಕಾದು, ಆಮೇಲೆ ಅದೇ ಬೆಂಚುಗಳ ಮೇಲೆ ಕಾಲು ಚಾಚುತ್ತಾರೆ. ಹಿಂದಿನ ಎರಡು ದಿನ ಹತ್ತೂವರೆಯವರೆಗೆ ಒಲೆಯ ಮುಂದೆ ಕೂತು ಹರಟೆ ಹೊಡೆದವಳು ನಾನೇ. ಅವರಲ್ಲೊಬ್ಬರು ತಮ್ಮ ಕಂಬಳಿಯ ಅರ್ಧ ನನ್ನ ಕಾಲಿನ ಮೇಲೆ ಎಸೆದರು. ಆ ಆರು ರಜಾಯಿ ಒಣಗಲು ಮೂರು ದಿನ ಹಿಡಿಯಿತು.

ಕೋಣೆಯ ಬಾಡಿಗೆಯ ವಿಷಯ. ಟ್ರೆಕ್ಕಿಂಗ್ ದಾರಿಯ ಲಾಡ್ಜುಗಳಲ್ಲಿ ಕೋಣೆ ಅಗ್ಗ, ಒಂದು ದಾಲ್‌ಭಾತ್‌ನ ಬೆಲೆ ಕೋಣೆಯ ಬಾಡಿಗೆಗಿಂತ ಜಾಸ್ತಿ. ಊಟದಲ್ಲಿ ಸಿಕ್ಕೀತು ಎಂಬ ಲೆಕ್ಕದ ಮೇಲೆ ಕೋಣೆ ಕೊಡುತ್ತಾರೆ. ಊಟದ ದರವನ್ನು ಊರಿನ ಸಮಿತಿ ಗೊತ್ತುಮಾಡಿರುತ್ತದೆ, ಎಲ್ಲ ಲಾಡ್ಜಿನಲ್ಲೂ ಒಂದೇ ಮೆನು ಕಾರ್ಡ್. ಕಡಿಮೆ ಖರ್ಚಿನಲ್ಲಿ ತಿರುಗುವವರಿಗೆಲ್ಲ ಈ ಗುಟ್ಟು ಗೊತ್ತು. ರಾತ್ರಿ ಊಟ, ಬೆಳಿಗ್ಗೆ ತಿಂಡಿ ಇಲ್ಲೇ ಮಾಡುತ್ತೇವೆ, ಕೋಣೆ ಪುಕ್ಕಟೆ ಕೊಡಿ ಎಂದು ಕೇಳುವುದು ರೂಢಿ. ಬೇರೆ ಕಡೆ ನಾನೂ ಹೀಗೆ ಎಷ್ಟೋ ಸಲ ಚೌಕಾಸಿ ಮಾಡಿ ಗೆದ್ದು, ಅದನ್ನು ನಾಲ್ಕು ಜನರ ಮುಂದೆ ಹೇಳಿಕೊಂಡವಳು.

ಒಂದು ಸಂಜೆ ಇಬ್ಬರು ಬಂದರು, ನನ್ನ ವಯಸ್ಸಿನವರೇ. ಬೆನ್ನಚೀಲ ನನ್ನದಕ್ಕಿಂತ ಎಷ್ಟೋ ಪಾಲು ಒಳ್ಳೆಯದು. ‘ಊಟ ಇಲ್ಲೇ ಮಾಡ್ತೀವಿ, ಕೋಣೆ ಫ್ರೀ ಅಲ್ವಾ?’ ಎಂದರು. ದೀದಿಯನ್ನು ಕೇಳಿದೆ, ಕೊಡು ಎಂದರು. ಏಳು ಗಂಟೆಗೆ ಇಬ್ಬರೂ ಸೇರಿ ಒಂದು ಬೆಳ್ಳುಳ್ಳಿ ಸೂಪು, ಒಂದು ಲೀಟರ್ ಬಿಸಿನೀರು ತೆಗೆದುಕೊಂಡರು. ಆ ಬಿಸಿನೀರನ್ನು ಚೀಲದಲ್ಲಿ ತಂದಿದ್ದ ನೂಡಲ್ಸ್ ಕಪ್ಪಿಗೆ ಸುರಿದು, ಮೇಜಿನ ಕೆಳಗೆ ಬಚ್ಚಿಟ್ಟು ತಿಂದರು. ನನಗೆ ಮೈಯೆಲ್ಲ ಉರಿಯಿತು. ಅಡುಗೆಮನೆಗೆ ಹೋಗಿ ಹೇಳಿದೆ. ದೀದಿ ರೊಟ್ಟಿ ತಟ್ಟುತ್ತಾ, ‘ಮೇಜಿನ ಕೆಳಗೆ ತಿಂದರಾ? ಹಾಗಾದರೆ ನಾಚಿಕೆ ಇದೆ, ಒಳ್ಳೆಯವರೇ’ ಎಂದು ನಕ್ಕರು. ನನಗೆ ನಗು ಬರಲಿಲ್ಲ. ಎರಡು ವರ್ಷದ ಹಿಂದೆ ಇನ್ನೊಂದು ಬೆಟ್ಟದ ಮೇಲೆ ಇದೇ ನೂಡಲ್ಸನ್ನು ನಾನು ಮೇಜಿನ ಮೇಲೆಯೇ ಇಟ್ಟುಕೊಂಡು ತಿಂದಿದ್ದೆ.

ಅಕ್ಟೋಬರ್ 15ಕ್ಕೆ ಘಟಸ್ಥಾಪನೆ. ಆಮಾ ದೇವರ ಮುಂದೆ ಮರಳು ಹರವಿ ಬಾರ್ಲಿ ಬಿತ್ತಿದರು. ಕತ್ತಲಲ್ಲಿ ಬೆಳೆದ ಆ ಹಳದಿ ಮೊಳಕೆಗೆ ಜಮರಾ ಎನ್ನುತ್ತಾರೆ. ಹುಡುಗರು ಒಬ್ಬೊಬ್ಬರಾಗಿ ಊರಿಗೆ ಹೊರಟರು. ಇಪ್ಪತ್ತರ ನಂತರ ದೀದಿ, ಅವರ ಗಂಡ, ಆಮಾ, ನಾನು, ಮತ್ತೆ ದಿನಾ ಮೂವತ್ತು ಜನ ಗಿರಾಕಿಗಳು. ಬಾಯಿ ಬಿಟ್ಟು ಕೇಳಿದ ಆ ನಾಲ್ಕು ಸಲವೂ ಈ ದಿನಗಳಲ್ಲೇ. 24ಕ್ಕೆ ಟೀಕಾ. ಮಧ್ಯಾಹ್ನ ಎರಡು ಗಂಟೆ ಅಡುಗೆಮನೆ ಮುಚ್ಚಿದರು. ಹೊರಗೆ ‘ಕಿಚನ್ ಯಾವಾಗ ತೆಗೆಯುತ್ತೆ’ ಎಂದು ಕೇಳುವವರಿಗೆ ದೀದಿಯ ಗಂಡ ಚಹಾ ಹಂಚುತ್ತಿದ್ದರು. ಆ ಮನೆಯಲ್ಲಿ ಟೀಕಾ ಕೆಂಪಲ್ಲ, ಬಿಳಿ. ಅಕ್ಕಿಗೆ ಮೊಸರು ಕಲಸಿದ್ದು. ಆಮಾ ಎಲ್ಲರ ಹಣೆಗೂ ಒತ್ತಿ, ಕಿವಿಗೆ ಜಮರಾ ಸಿಕ್ಕಿಸಿ, ಏನೋ ಹರಸಿ, ಕೈಗೆ ದುಡ್ಡು ಕೊಡುತ್ತಿದ್ದರು. ಸರದಿಯಲ್ಲಿ ನನ್ನನ್ನೂ ಕೂರಿಸಿದರು. ಹೊಸ 100ರ ನೋಟು, ಎನ್‌ಸಿ. ಕೆಲಸದ ವೀಸಾದ ನಿಯಮಗಳನ್ನು ಅಷ್ಟೆಲ್ಲ ಓದಿದ್ದ ತಲೆಯಲ್ಲಿ ತಟ್ಟನೆ ಹೊಳೆದದ್ದು, ಇದು ಸಂಬಳವಾಗುತ್ತದೆಯೇ ಎಂಬ ಪ್ರಶ್ನೆ. ಅಕ್ಕಿ ಹಣೆಯಿಂದ ಉದುರದಂತೆ ತಲೆ ಎತ್ತಿಕೊಂಡೇ ಸಂಜೆಯ ಆರ್ಡರ್ ಬರೆದುಕೊಂಡೆ.

ಪೂನ್‌ಹಿಲ್ಲಿಗೆ ಹತ್ತಲೇ ಇಲ್ಲ ಎಂದಲ್ಲ. ಬೆಳಿಗ್ಗೆ ನಾಲ್ಕೂವರೆಗೆ ಬಾಗಿಲು ಬಡಿದು ಎಲ್ಲರನ್ನೂ ಎಬ್ಬಿಸುವವಳು ನಾನು. ಹಣೆಗೆ ದೀಪ ಕಟ್ಟಿಕೊಂಡ ಸಾಲು ಮಿಣುಕುಹುಳುಗಳ ಹಾಗೆ ಮೇಲೇರುವುದನ್ನು ಅಂಗಳದಿಂದ ನೋಡಿ ಒಳಗೆ ಬಂದರೆ ಕೆಲಸ. ಏಳೂವರೆಗೆ ಎಲ್ಲ ಒಟ್ಟಿಗೇ ಹಸಿದು ಇಳಿದು ಬರುತ್ತಾರೆ, ಅಷ್ಟರಲ್ಲಿ ಮೊಟ್ಟೆ ಬೇಯಬೇಕು, ಗಂಜಿ ಕುದಿಯಬೇಕು. ನಾನು ಹತ್ತಿದ್ದು ಒಂದು ಬೆಳಿಗ್ಗೆ ಹತ್ತು ಗಂಟೆಗೆ, ತಿಂಡಿಯ ಗದ್ದಲ ಮುಗಿದ ಮೇಲೆ. 3,210 ಮೀಟರ್. ಬಣ್ಣವೆಲ್ಲ ಆರಿ ಧೌಲಗಿರಿ ಒಗೆದ ಬಟ್ಟೆಯಂತೆ ಬೆಳ್ಳಗೆ ನಿಂತಿತ್ತು. ಮೇಲೆ ಇದ್ದದ್ದು ಚಹಾ ಅಂಗಡಿ ಮುಚ್ಚುತ್ತಿದ್ದ ಒಬ್ಬಾಕೆ ಮಾತ್ರ. ಉಳಿದ ಬಿಸಿನೀರಿಗೆ ಪುಡಿ ಹಾಕಿ ಒಂದು ಲೋಟ ಕೊಟ್ಟರು.

ಖರ್ಚಿನ ಲೆಕ್ಕ ಬೇಕು ಎನ್ನುವವರಿಗೆ: ನೇಪಾಳದಲ್ಲಿ ಒಟ್ಟು ಮೂವತ್ತೊಂದು ರಾತ್ರಿ, ಅದರಲ್ಲಿ ದುಡ್ಡು ಕೊಟ್ಟು ಮಲಗಿದ್ದು ನಾಲ್ಕು. ಹಾಗಿದ್ದೂ ಕೈಯಲ್ಲಿದ್ದದ್ದು ಅಂದುಕೊಂಡದ್ದಕ್ಕಿಂತ ಬೇಗ ಕರಗಿತು. ಹಾಸಿಗೆಯಲ್ಲಿ ಉಳಿಸಿದ್ದನ್ನು ಲೇಕ್‌ಸೈಡಿನ ಕಾಫಿ ಅಂಗಡಿಗಳು ತಿಂದವು. ಬೆಟ್ಟದ ಮೇಲಿನ ಹದಿನೇಳು ದಿನದಲ್ಲಿ ಖರ್ಚಾದದ್ದು ಒಂದು ಜೊತೆ ಉಣ್ಣೆ ಕಾಲುಚೀಲ, ಒಂದು ಮುಲಾಮು. ದುಡ್ಡು ಖರ್ಚು ಮಾಡಲು ಜಾಗ ಇಲ್ಲದ ಕಡೆ ಕೆಲಸ ಹುಡುಕಿಕೊಳ್ಳಬೇಕು ಎಂಬುದು ತಡವಾಗಿ ತಿಳಿಯಿತು.

ಹಬ್ಬ ಮುಗಿದು ಹುಡುಗರು ವಾಪಸಾದ ಮೇಲೆ 27ಕ್ಕೆ ಹೊರಟೆ. ತಾಡಾಪಾನಿಯ ಕಾಡು ದಾಟಿ ಮಾರನೆಯ ದಿನ ಘಾಂದ್ರುಕ್‌ಗೆ ಇಳಿದೆ. ಗುರುಂಗ್ ಜನರ ಕಲ್ಲುಚಪ್ಪಡಿಯ ಊರು. ಬಹಳ ದಿನಗಳ ಮೇಲೆ ಗಿರಾಕಿಯಾಗಿ ಲಾಡ್ಜಿನ ಹೊಸ್ತಿಲು ದಾಟಿದ್ದು. ಕೋಣೆ ಎಷ್ಟು ಎಂದು ಕೇಳಿದೆ. ಹೇಳಿದರು. ‘ಊಟ ಇಲ್ಲೇ...’ ಎಂದು ಹಳೇ ಅಭ್ಯಾಸಕ್ಕೆ ಬಾಯಿ ತೆರೆದವಳು ಅಲ್ಲಿಗೇ ನಿಲ್ಲಿಸಿದೆ. ಅವರು ಉಳಿದರ್ಧಕ್ಕೆ ಕಾಯುತ್ತಿದ್ದರು.

‘ಇಲ್ಲೇ ಮಾಡ್ತೀನಿ’ ಎಂದು ಮುಗಿಸಿ ದುಡ್ಡು ಕೊಟ್ಟೆ.

ಸಂಜೆ ಆರ್ಡರ್ ಪುಸ್ತಕ ಮೇಜಿಗೆ ಬಂತು. ಅದೇ ಉದ್ದನೆಯ ರಟ್ಟಿನದು. ಪಕ್ಕದಲ್ಲಿದ್ದ ಇಬ್ಬರು ಒಬ್ಬರು ಪಿಜ್ಜಾ, ಒಬ್ಬರು ಮೋಮೊ ಎಂದು ಚರ್ಚಿಸುತ್ತಿದ್ದರು. ನೀವೇನು ತಗೊಳ್ತೀರಿ ಎಂದು ನನ್ನನ್ನು ಕೇಳಿದರು. ಅಡುಗೆಮನೆಯ ಕಿಂಡಿಯಲ್ಲಿ ಯಜಮಾನಿಯ ಮುಖ ಕಾಣುತ್ತಿತ್ತು, ಒಂದು ಕೈ ಕುಕ್ಕರಿನ ಮುಚ್ಚಳದ ಮೇಲೆ. ‘ದಾಲ್‌ಭಾತ್. ಎಷ್ಟು ಸಲ ಬೇಕಾದರೂ ಹಾಕ್ತಾರೆ’ ಎಂದೆ. ಇಬ್ಬರೂ ಮುಖ ಮುಖ ನೋಡಿಕೊಂಡು ಸರಿ ಎಂದರು. ಪೆನ್ಸಿಲ್ ತೆಗೆದುಕೊಂಡು ನಾನೇ ಬರೆದೆ: ಮೂರು ದಾಲ್‌ಭಾತ್, ಆರೂವರೆ.